ತಟ್ಟೆಸೊಪ್ಪಿನ ದಾರಿ

ಮಗಳ ಕಾಲು ಬೀಳುವ ಕಡೆ ಎಂದೂ ವಿಷ ಹೊಡೆಯುವುದಿಲ್ಲ ಎಂದು ಅವಳು ಮಾತು ಕೊಟ್ಟಾಗ ಮಗಳಿಗೆ ಇನ್ನೂ ನೆಟ್ಟಗೆ ನಡೆಯಲೂ ಬರುತ್ತಿರಲಿಲ್ಲ. ಆಗ ಅವಳು ಗುತ್ತಿಗೆದಾರನೊಬ್ಬನ ಕೈಕೆಳಗೆ ಪಾರ್ಕುಗಳ ಹುಲ್ಲು ಕತ್ತರಿಸುತ್ತಿದ್ದಳು. ಮಗುವನ್ನು ನೋಡಿಕೊಳ್ಳಲು ಯಾರೂ ಸಿಗದ ದಿನ ಜೊತೆಗೇ ಎತ್ತಿಕೊಂಡು ಹೋಗಿ ಮರದ ನೆರಳಿನಲ್ಲಿ ಬಿಡುತ್ತಿದ್ದಳು. ಹಾಗೆ ಬಿಟ್ಟ ಒಂದು ದಿನ, ಇನ್ನೊಂದು ತಂಡದವರು ಆಗಷ್ಟೇ ಕಳೆಗೆ ಔಷಧಿ ಹೊಡೆದು ಬೋರ್ಡು ನೆಡದೆ ಹೊರಟುಹೋಗಿದ್ದ ಹುಲ್ಲಿನ ಮೇಲೆ ಮಗು ಅಂಬೆಗಾಲಿಟ್ಟುಕೊಂಡು ಹೋಗಿಬಿಟ್ಟಿತ್ತು. ಸಂಜೆಯ ಹೊತ್ತಿಗೆ ಅಂಗೈ, ಅಂಗಾಲು ಎಲ್ಲ ಕೆಂಪಗೆ ದದ್ದು. ಡಾಕ್ಟರು ಕನ್ನಡಕದ ಮೇಲಿಂದ ಒಂದು ಸಲ ನೋಡಿ, "ಏನಿಲ್ಲ, ಸೋಪು ಹಾಕಿ ತೊಳೀರಿ" ಎಂದು ಮುಂದಿನವರನ್ನು ಕರೆದರು. ಏನಿಲ್ಲ ಎಂದದ್ದೇ ಅವಳಿಗೆ ತಡೆದುಕೊಳ್ಳಲಾಗಲಿಲ್ಲ. ಬಚ್ಚಲಲ್ಲಿ ಕೂತು ಆ ಎರಡು ಪಾದಗಳನ್ನು ತೊಳೆದೂ ತೊಳೆದೂ, ಸೋಪಿನ ನೊರೆಯೆಲ್ಲ ಹೋದ ಮೇಲೂ ನೀರು ಹೊಯ್ಯುತ್ತ, "ನಿನ್ನ ಕಾಲು ಬೀಳೋ ಕಡೆ ಅಮ್ಮ ಯಾವತ್ತೂ ಔಷಧಿ ಹೊಡೆಯಲ್ಲ ಕಣೋ ಪುಟ್ಟ, ಆಣೆಗೂ ಹೊಡೆಯಲ್ಲ" ಎಂದಿದ್ದಳು. ಬಸ್ಸು ಓಡಿಸಿ ದಣಿದು ಬಂದ ಗಂಡ ಬಾಗಿಲಿಗೆ ಒರಗಿ ನಿಂತು, "ಅದಕ್ಕೇನು ತಿಳಿಯತ್ತೆ? ನಂಗೊಂದು ಮಾತು ಕೊಡು, ಇನ್ಮೇಲೆ ಗೊರಕೆ ಹೊಡೆಯಲ್ಲ ಅಂತ" ಎಂದ. ಅವಳು ಅವನತ್ತ ಒಂದು ಚೊಂಬು ನೀರೆರಚಿದಳು. ಮಗು ಕಿಲಕಿಲ ನಕ್ಕಿತು.

ಇವತ್ತು ಬೆಳಿಗ್ಗೆ ಅದೇ ಪಾದಗಳಿಗೆ ಬಿಳಿ ಬೂಟು ಉಜ್ಜಿ, ಸುಣ್ಣದಂತೆ ಬೆಳ್ಳಗೆ ಮಾಡಿ, ಹೊಸ್ತಿಲ ಬಳಿ ಇಟ್ಟಿದ್ದಳು. ಎಡಗಾಲಿನ ಹಿಮ್ಮಡಿ ಎಳೆದು ನಡೆಯುವ ಚಾಳಿ ಮಗಳಿಗೆ ಅಪ್ಪನಿಂದ ಬಂದದ್ದು. ಅಲ್ಲಿ ಸವೆದ ಜಾಗಕ್ಕೆ ಮೋಚಿ ಗುಂಡಗಿನ ಒಂದು ತೇಪೆ ಹಾಕಿದ್ದ. "ನಾಳೆ ಓಟದ ಆಯ್ಕೆಗೆ ಇವೇ ಗತಿ, ತಿಳೀತಾ? ಹುಲ್ಲಿನ ಕಲೆ ಏನು ಮಾಡಿದ್ರೂ ಹೋಗಲ್ಲ. ನೆಲ ಒದ್ದೆ ಇದ್ರೆ ಬಿಚ್ಚಿ ಕೈಲಿ ಹಿಡ್ಕೋ" ಎಂದಳು. "ಆಯ್ತಮ್ಮ, ಅದೇ ರಾಗ" ಎಂದು ಮಗಳು ಕನ್ನಡಿಯೊಳಗಿಂದಲೇ ಹೇಳಿ, ಹೇರ್‌ಪಿನ್ನನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಅದೊಂದು ಸಣ್ಣ ವಿಷಯವೆಂಬಂತೆ, "ಅಮ್ಮ, ಇವತ್ತು ದೊಡ್ಡ ಗೇಟಿನ ಹತ್ರ ಮಂಡಿಯೂರಿ ಕೂತ್ಕೋಬೇಡ" ಎಂದಳು.

"ಮತ್ತೆ? ತಲೆಯೂರಿ ಕೂತ್ಕೊಳ್ಳಾ?"

"ತಮಾಷೆ ಅಲ್ಲ. ಎಲ್ಲಾ ಶಾಲೇಲೂ ಔಷಧಿ ಹೊಡೀತಾರೆ. ನೀನೊಬ್ಬಳೇ ಚಾಕು ಹಿಡ್ಕೊಂಡು ಒಂದೊಂದೇ ಕೀಳ್ತಾ ಇರ್ತೀಯ. ನೋಡೋಕೆ ಒಂಥರಾ ಇರತ್ತೆ."

"ಔಷಧಿ ಹೊಡೆಯಲ್ಲ ಅಂತ ನಿಂಗೇ ಮಾತು ಕೊಟ್ಟಿದ್ದೆ ಕಣೇ."

"ಯಾವಾಗ?"

"ನೀನು ಅಂಬೆಗಾಲಿಡ್ತಿದ್ದಾಗ."

"ನಾನೇನು ಕೇಳಿದ್ನಾ?" ಎಂದಳು ಮಗಳು. ಸಿಟ್ಟಿನಿಂದಲ್ಲ, ನಿಜಕ್ಕೂ ತಿಳಿಯಬೇಕೆಂಬಂತೆ. ಅವಳು ಊಟದ ಡಬ್ಬಿಯ ಮುಚ್ಚಳ ಒತ್ತಿ, ಚೀಲ ಹೆಗಲಿಗೇರಿಸಿ, ಎಂದಿನಂತೆ ಮಗಳಿಗಿಂತ ಮೊದಲೇ ಮನೆ ಬಿಟ್ಟಳು. ಇಬ್ಬರೂ ಹೋಗುವುದು ಒಂದೇ ಶಾಲೆಗೆ. ಒಬ್ಬಳು ಹುಲ್ಲು ನೋಡಿಕೊಳ್ಳಲು, ಇನ್ನೊಬ್ಬಳು ಒಂಬತ್ತನೇ ತರಗತಿಗೆ. ಮೊದಲೆಲ್ಲ ಕೈ ಹಿಡಿದುಕೊಂಡೇ ಹೋಗುತ್ತಿದ್ದರು. ಅದು ನಿಂತದ್ದು ಯಾವಾಗ ಎಂದು ದಾರಿಯುದ್ದಕ್ಕೂ ನೆನಪಿಸಿಕೊಳ್ಳಲು ನೋಡಿದಳು. ಜಡೆ ಹಾಕಿಕೊಳ್ಳಲು ಹೊತ್ತಾಗುತ್ತೆ, ನೀನು ಹೋಗಿರು ಎಂದು ಮಗಳು ಒಂದು ದಿನ ಹೇಳಿದ್ದಳು. ಜಡೆ ಕತ್ತರಿಸಿ ಗಿಡ್ಡ ಕೂದಲು ಮಾಡಿಸಿಕೊಂಡ ಮೇಲೂ ಹೊತ್ತಾಗುವುದು ನಿಂತಿರಲಿಲ್ಲ. ಅದು ತನಗೆ ಈಗ, ಇಷ್ಟು ತಡವಾಗಿ ಹೊಳೆಯುತ್ತಿದೆಯಲ್ಲ ಎಂದು ತನ್ನ ಮೇಲೇ ರೇಗಿತು.

ಶಾಲೆಯ ಮೈದಾನದ ಒಂದು ಬದಿಗೆ ಕಟ್ಟಡ, ಒಂದು ಬದಿಗೆ ದೊಡ್ಡ ಗೇಟು. ಮೂರನೆಯ ಬದಿಗೆ ತಂತಿಬೇಲಿ, ಬೇಲಿಯಾಚೆ ಹಾಲಿನವನ ಹುಲ್ಲುಗಾವಲು. ಗೋಣಿಚೀಲವನ್ನು ನಾಲ್ಕು ಮಡಿಕೆ ಮಾಡಿ ಮಂಡಿಯಡಿ ಹಾಕಿಕೊಂಡು, ತುದಿ ಮುರಿದ ಅಡುಗೆಮನೆಯ ಚಾಕು ಹಿಡಿದು ಅವಳು ಬಗ್ಗಿದಳು. ಈ ಕಳೆಗೆ ಔಷಧಿ ಡಬ್ಬದ ಮೇಲೆ ಏನೋ ಉದ್ದ ಹೆಸರಿತ್ತು. ಅವಳೂ ಹಾಲಿನವನೂ ಕರೆಯುವುದು ತಟ್ಟೆಸೊಪ್ಪು ಎಂದು. ಯಾರೋ ಊಟದ ತಟ್ಟೆಯನ್ನು ನೆಲಕ್ಕೆ ಒತ್ತಿ ಇಟ್ಟ ಹಾಗೆ ಎಲೆಗಳನ್ನು ಸುತ್ತಲೂ ಹರಡಿಕೊಂಡು ಮಲಗಿರುತ್ತದೆ. ಅಗಲ ಎಲೆ, ಬುಡದಿಂದ ತುದಿಯವರೆಗೆ ಉದ್ದುದ್ದ ನರ, ಮೆಲ್ಲಗೆ ಹರಿದರೆ ತುಂಡಿನಿಂದ ದಾರದಂಥ ಎಳೆಗಳು ಜೋತಾಡುತ್ತವೆ. ಬೇರೆ ಯಾವ ಗಿಡವೋ ಎಂಬ ಅನುಮಾನ ಬಂದರೆ ಅಷ್ಟು ನೋಡಿದರೆ ಸಾಕು. ಹುಲ್ಲು ಕತ್ತರಿಸುವ ಯಂತ್ರಕ್ಕೆ ಇದು ಸಿಗುವುದಿಲ್ಲ. ಅಲಗು ಮೇಲಿಂದ ಹಾಯ್ದುಹೋಗುತ್ತದೆ, ಇದು ಇನ್ನಷ್ಟು ತಗ್ಗುತ್ತದೆ. ಬೇಲಿಯಾಚೆ ಎತ್ತರದ ಹುಲ್ಲಿನ ನಡುವೆ ಮೊಣಕಾಲಿನವರೆಗೆ ಎದ್ದು ನಿಲ್ಲುವ ಇದೇ ಗಿಡ ಬೇಲಿಯೀಚೆ ಬೆರಳೆತ್ತರದಲ್ಲಿ ಇಲಿಬಾಲದಂಥ ಕಡ್ಡಿ ಎತ್ತಿ, ಬೀಜ ಕಟ್ಟಿ, ತನ್ನ ಕೆಲಸ ಮುಗಿಸಿಕೊಳ್ಳುತ್ತದೆ. ಎಲೆ ಕಿತ್ತರೆ ಪ್ರಯೋಜನವಿಲ್ಲ. ಎಲೆಗಳೆಲ್ಲ ಸೇರುವ ಆ ಗಂಟಿನ ಕೆಳಗೆ ಚಾಕು ತೂರಿಸಿ, ಬುಡಸಮೇತ ಎಬ್ಬಿಸಬೇಕು. ಎಬ್ಬಿಸುತ್ತ, ಎಬ್ಬಿಸುತ್ತ, ಬೆನ್ನ ಹಿಂದೆ ಗೇಟಿನಿಂದ ಮಕ್ಕಳು ಬರುವ ಸದ್ದಿಗೆ ಅವಳು ತಲೆಯನ್ನು ಇನ್ನಷ್ಟು ತಗ್ಗಿಸಿದಳು. "ಮಂಡಿಯಮ್ಮಾ, ಗುಡ್ ಮಾರ್ನಿಂಗ್!" ಎಂದು ಯಾರೋ ಹುಡುಗ ರಾಗವಾಗಿ ಹೇಳಿದ. ಹಿಂದೆಯೇ ನಗೆ. ಆ ಹೆಸರು ಬಂದು ಕಾಲವಾಗಿತ್ತು. ಅವಳು ಪ್ರತಿ ಸಲವೂ ಗುಡ್ ಮಾರ್ನಿಂಗ್ ಕಣೋ ಎನ್ನುತ್ತಿದ್ದಳು. ಇವತ್ತು ಎನ್ನಲಾಗಲಿಲ್ಲ. ಒಂಥರಾ ಇರತ್ತೆ ಎಂಬ ಮಾತು ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ನಾರಿನ ಹಾಗೆ ಅಲ್ಲೇ ಇತ್ತು. ಹಾಳಾಗಿಹೋಗಲಿ ಎಂದು ಚೀಲ, ಚಾಕು ಎತ್ತಿಕೊಂಡು, ಯಾರ ಕಣ್ಣಿಗೂ ಬೀಳದ ಹಾಗೆ ಆಟದ ಸಾಮಾನಿನ ಶೆಡ್ಡಿನ ಹಿಂದೆ, ಬೇಲಿಯ ಅಂಚಿಗೆ ಹೋದಳು. ಮಗಳು ಹೇಳಿದಂತೆಯೇ ಮಾಡುತ್ತಿದ್ದೇನೆ ಎಂಬುದು ಅರ್ಧ ದಾರಿಯಲ್ಲಿ ಗೊತ್ತಾಗಿ ಅದಕ್ಕೂ ಸಿಟ್ಟು ಬಂತು.

ಶೆಡ್ಡಿನ ಹಿಂದೆ ಕಾಲಿಟ್ಟವಳು ಹಾಗೇ ನಿಂತುಬಿಟ್ಟಳು. ಮೈದಾನದ ಉಳಿದ ಕಡೆ ಅಲ್ಲೊಂದು ಇಲ್ಲೊಂದು ಇದ್ದ ತಟ್ಟೆಸೊಪ್ಪು ಇಲ್ಲಿ ಒಂದು ಪಟ್ಟಿಯಾಗಿ ಬೆಳೆದಿತ್ತು, ಗಿಡಕ್ಕೆ ಗಿಡ ತಾಗಿ, ಜಮಖಾನದ ಅಂಚಿನ ಹಾಗೆ. ಒಬ್ಬರು ನಡೆದುಹೋಗುವಷ್ಟೇ ಅಗಲ. ಇಲ್ಲಿ ಯಾರೂ ಆಡುವುದಿಲ್ಲ, ಚೆಂಡು ಬಿದ್ದರೂ ಬೇಲಿಯಾಚೆ ಬೀಳುತ್ತದೆ. ಯಂತ್ರ ತಿರುಗಿಸಲು ಜಾಗ ಸಾಲದೆಂದು ಅವಳೂ ಇಲ್ಲಿಗೆ ಬಂದು ಎಷ್ಟೋ ಕಾಲವಾಗಿತ್ತು. ಚಾಕು ಚುಚ್ಚಿದಳು, ಬಾಗಿತು. ನೆಲ ಸುಟ್ಟ ಇಟ್ಟಿಗೆಯಂತಿತ್ತು.

"ಏನಕ್ಕಾ, ಇವತ್ತು ನಮ್ಮ ಕಡೆ ಸವಾರಿ?" ಎಂದು ಬೇಲಿಯಾಚೆಯಿಂದ ಹಾಲಿನವನು ಕೇಳಿದ. ಕತ್ತರಿಸಿದ ಹುಲ್ಲನ್ನು ವಾರವಾರವೂ ಅವನೇ ತನ್ನ ಹಸುಗಳಿಗೆ ಒಯ್ಯುತ್ತಿದ್ದುದರಿಂದ ಅವಳ ಜೊತೆ ಅವನಿಗೆ ತಮ್ಮನ ಸಲಿಗೆ.

"ನೋಡಪ್ಪಾ, ನಿನ್ನ ಹೊಲದ ಬೀಜ ಬಂದು ಇಲ್ಲಿ ಸಂಸಾರ ಹೂಡಿದೆ."

"ನನ್ನ ಮೇಲೆ ಯಾಕೆ ಹಾಕ್ತೀಯಾ? ನನ್ನ ಹಸು ಅದನ್ನ ತಿನ್ನತ್ತೆ. ನಿಮ್ಮ ಡ್ರಿಲ್ ಮೇಷ್ಟ್ರು ತಿನ್ನಲ್ಲ, ಅಷ್ಟೇ ವ್ಯತ್ಯಾಸ." ಅವನು ನಗುತ್ತ ಬಕೆಟ್ಟು ಕೆಳಗಿಟ್ಟ. "ಅಲ್ಲಕ್ಕಾ, ಅದು ನನ್ನ ಕಡೆ ಎಲ್ಲಿದೆ ನೋಡು. ನೀರಿನ ತೊಟ್ಟಿ ಹತ್ರ, ಹಸುಗಳು ತುಳಿದೂ ತುಳಿದೂ ನೆಲ ಗಟ್ಟಿಯಾದ ಕಡೆ. ನಿಂಗೆ ಗೊತ್ತಿಲ್ಲದ್ದಾ?"

ಗೊತ್ತಿತ್ತು. ನೆಲ ತುಳಿತಕ್ಕೆ ಬಿಗಿದುಕೊಂಡರೆ ಹುಲ್ಲಿನ ಬೇರು ಉಸಿರು ಕಟ್ಟಿ ಸಾಯುತ್ತದೆ, ಆಗ ಇದು ಬಂದು ಕೂರುತ್ತದೆ. ಒದ್ದೆಯಾದರೆ ಇದರ ಬೀಜ ಅಂಟು. ಚಪ್ಪಲಿಯಡಿ, ಬೂಟಿನಡಿ ಹತ್ತಿಕೊಂಡು ಯಾರ ಕಾಲು ಎಲ್ಲಿಗೆ ಹೋಗುತ್ತದೋ ಅಲ್ಲಿಗೆಲ್ಲ ಹೋಗುತ್ತದೆ. ಅವಳು ಪಟ್ಟಿಯ ಜೊತೆಜೊತೆಗೇ ನಡೆದಳು. ಅದು ಹಿಂದಿನ ರಸ್ತೆಯ ಕಡೆ ಬೇಲಿ ಹರಿದ ಒಂದು ಸಂದಿಯಿಂದ ಹೊರಟಿತ್ತು. ಬೇಲಿಯಂಚಿನಲ್ಲೇ ಬಂದು, ಶೆಡ್ಡಿನ ಹಿಂದೆ ತಿರುಗಿ, ಮೈದಾನವನ್ನು ಪೂರಾ ಬಳಸಿಕೊಂಡು, ಕಟ್ಟಡದ ಹಿಂದಿನ ಮೆಟ್ಟಿಲಿಗೆ ಹೋಗಿ ಮುಟ್ಟುತ್ತಿತ್ತು. ಮನೆಯಿಂದ ಬರುವವರಿಗೆ ದೊಡ್ಡ ಗೇಟು ಎದುರಿಗೇ ಇರುವಾಗ ಇಷ್ಟು ಸುತ್ತಿಕೊಂಡು ಬರುವ ಹುಚ್ಚರು ಯಾರಪ್ಪಾ ಎಂದು ನಗುವ ಹೊತ್ತಿಗೆ ಸಂದಿಯ ಬಳಿ ಕೆಸರು ಒಣಗಿದ ಕಡೆ ಕಂಡಿತು. ಬೂಟಿನ ಗುರುತು, ಹಳೆಯದರ ಮೇಲೆ ಹೊಸದು, ಒಂದರ ಮೇಲೊಂದು. ಎಡಗಾಲಿನದ್ದರ ಹಿಮ್ಮಡಿಯಲ್ಲಿ ಗುಂಡಗಿನ ತೇಪೆ.

ಅವಳು ಆ ಪಟ್ಟಿಯ ಮೇಲೆಯೇ ನಿಂತು ದೊಡ್ಡ ಗೇಟಿನತ್ತ ನೋಡಿದಳು. ಗೇಟು ಕಾಣಲಿಲ್ಲ. ನಡುವೆ ಶೆಡ್ಡು. ನಾಲ್ಕು ಹೆಜ್ಜೆ ಮುಂದೆ ಹೋಗಿ ನೋಡಿದಳು, ಅಲ್ಲಿಂದಲೂ ಶೆಡ್ಡು. ಎಲ್ಲಿ ನಿಂತರೂ ತಾನು ದಿನಾ ಬೆಳಿಗ್ಗೆ ಮಂಡಿಯೂರುವ ಜಾಗ ಕಾಣದ ಹಾಗೆ, ದರ್ಜಿ ಸೀಮೆಸುಣ್ಣದಲ್ಲಿ ಗೀಟೆಳೆದಷ್ಟು ಜಾಣತನದಿಂದ ಆ ದಾರಿ ಹೋಗಿತ್ತು. ಬಗ್ಗಿ ಒಂದು ಗಿಡದ ಎಲೆಗಳನ್ನು ಎತ್ತಿ ಬುಡ ನೋಡಿದಳು. ದಪ್ಪ ಗಂಟು, ಕಳೆದ ಸಲದ ಒಣ ಕಡ್ಡಿಗಳು ಇನ್ನೂ ಹಾಗೇ ಇವೆ. ವರ್ಷ ದಾಟಿದ ಗಿಡ. ಇದು ಬಂದು ಕೂರುವ ಮೊದಲು ಹುಲ್ಲು ಸಾಯಬೇಕು, ಹುಲ್ಲು ಸಾಯುವಷ್ಟು ತುಳಿಯಬೇಕು. ಯಾರ ಮುಖದ ಮೇಲೂ ಓದಲಾಗದ ಲೆಕ್ಕವನ್ನು ಕಳೆಯ ಬುಡದಲ್ಲಿ ಓದಬಲ್ಲ ತನ್ನ ಈ ವಿದ್ಯೆಯ ಮೇಲೆ ಅವಳಿಗೆ ಅಸಹ್ಯವಾಯಿತು. ಏಳನೇ ತರಗತಿಯಲ್ಲಿ ಮಗಳು ಓಟದಲ್ಲಿ ಗೆದ್ದು, ಬೆವರುತ್ತ, ಇಡೀ ಶಾಲೆಯ ಎದುರು ಬಂದು ಮಣ್ಣು ಮೆತ್ತಿದ ಅವಳ ಸೀರೆಗೇ ಮುಖ ಒರೆಸಿಕೊಂಡಿದ್ದಳು. ಅದಾದ ಮೇಲೆ ಯಾವಾಗಲೋ. ಯಾರೋ ಏನೋ ಅಂದಿರಬೇಕು. ಇಲ್ಲ, ಯಾರೂ ಏನೂ ಅನ್ನದೆಯೂ ಇರಬಹುದು. ಚಿಕ್ಕವಳಿದ್ದಾಗ ತನ್ನಪ್ಪ ಸೈಕಲ್ಲಿನ ಮೇಲೆ ಪೊರಕೆ ಮಾರಿಕೊಂಡು ಬೀದಿಯ ಮೂಲೆ ತಿರುಗಿದರೆ ತಾನು ಗೆಳತಿಯರನ್ನು ಎಳೆದುಕೊಂಡು ಅಂಗಡಿಯೊಳಗೆ ನುಗ್ಗುತ್ತಿದ್ದುದು ನೆನಪಾಯಿತು. ಅಪ್ಪನಿಗೆ ಗೊತ್ತಿತ್ತೇ? ಅಪ್ಪ ಆ ಬೀದಿಯಲ್ಲಿ ಮಾತ್ರ ಕೂಗದೆ ಹೋಗುತ್ತಿದ್ದ.

"ಏನಮ್ಮಾ, ಇಲ್ಲಿ ಅಡಗಿ ಕೂತಿದ್ದೀಯಾ?" ಡ್ರಿಲ್ ಮೇಷ್ಟ್ರ ದನಿ. ಕೊರಳಲ್ಲಿ ಸೀಟಿ, ಕೈಯಲ್ಲಿ ಅರ್ಧ ಕುಡಿದ ಟೀ ಲೋಟ. ಅವರು ಕೆಟ್ಟವರಲ್ಲ. ಅವಳ ಚಾಕುವಿನ ಕೆಲಸವನ್ನು ಇಷ್ಟು ವರ್ಷ ಸಹಿಸಿಕೊಂಡವರು. ಗಾಳಿ ಇದೆ ಸರ್, ಮಳೆ ಬರೋ ಹಾಗಿದೆ ಸರ್, ಮಕ್ಕಳು ಆಡ್ತಿದ್ದಾರೆ ಸರ್ ಎಂದು ಅವಳು ಔಷಧಿ ಮುಂದೂಡಿದಾಗಲೆಲ್ಲ ಸರಿ ಎಂದವರು. ಪಟ್ಟಿ ನೋಡಿ ಅವರ ಹುಬ್ಬು ಮೇಲೇರಿತು. "ಓಹೋ. ಇದೇನಿದು, ಬೆಳೆ ತೆಗೀತಿದ್ದೀಯಾ? ನಂಗೂ ಪಾಲು ಕೊಡು."

"ಇದು ತುಳಿದ ನೆಲ ಸರ್. ಕವಲುಗೋಲು ಚುಚ್ಚಿ ಸಡಿಲ ಮಾಡಿ, ಹುಲ್ಲಿನ ಬೀಜ ಹಾಕಿ, ನಡೆಯೋದು ನಿಲ್ಲಿಸಿದ್ರೆ..."

"ಅದೆಲ್ಲ ಆಗೋ ಹೊತ್ತಿಗೆ ನಾನು ರಿಟೈರ್ ಆಗಿರ್ತೀನಿ. ಹದಿನೈದು ದಿನಕ್ಕೆ ಪಂದ್ಯ. ಹೊರಗಿನವರ ಕುರ್ಚಿ ಹಾಕೋದು ಈ ಬದೀಲೇ. ಇವತ್ತು ಗಾಳಿ ಇದೆಯಾ?"

"ಇಲ್ಲ ಸರ್."

"ಮಳೆ?"

"ಇಲ್ಲ."

"ಮಕ್ಕಳು ಕ್ಲಾಸಲ್ಲಿದ್ದಾರೆ. ಇನ್ನೇನು ಉಳೀತು? ನಿನ್ನ ಕೈಲಿ ಆಗಲ್ಲ ಅಂದ್ರೆ ಹೇಳಿಬಿಡು, ಹೊರಗಿನವರನ್ನ ಕರೆಸ್ತೀನಿ. ಆಮೇಲೆ ಅವರನ್ನೇ ಇಟ್ಕೊಳ್ಳೋಣ ಅಂತ ಆಫೀಸಿನವರು ಅಂದ್ರೆ ನನ್ನ ಕೇಳಬೇಡ."

ಪಕ್ಕಕ್ಕೆ ಬಿದ್ದ ಚಾಕುವನ್ನು ಅವಳು ನೋಡುತ್ತಿದ್ದಳು. ಕೆಲಸ ಹೋಗುತ್ತದೆ ಎಂಬ ಭಯವೇ ಆ ಹೊತ್ತಿಗೆ ತನ್ನನ್ನು ಎಬ್ಬಿಸಿದ್ದರೆ ಆಮೇಲೆ ತನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ. ಆದರೆ ಅವಳ ಬಾಯಿಂದ ಹೊರಟದ್ದು, "ಔಷಧಿ ಹೊಡೆದ್ರೆ ನಾಳೆವರೆಗೂ ಇಲ್ಲಿ ಯಾರೂ ಓಡಾಡಬಾರದು ಸರ್. ಟೇಪು ಕಟ್ಟಬೇಕು. ಎಲ್ಲರೂ ದೊಡ್ಡ ಗೇಟಿಂದಲೇ ಹೋಗಬೇಕು" ಎಂಬ ಮಾತು. "ಕಟ್ಟಮ್ಮಾ, ಯಾರು ಬೇಡ ಅಂದ್ರು" ಎಂದು ಮೇಷ್ಟ್ರು ಉಳಿದ ಟೀಯನ್ನು ಬೇಲಿಯಾಚೆ ಚೆಲ್ಲಿ ಹೋದರು.

ಮಧ್ಯಾಹ್ನದ ಕೊನೆಯ ಬಿಡುವು ಮುಗಿದು ಮಕ್ಕಳು ಒಳಗೆ ಹೋದ ಮೇಲೆ ಪಂಪಿಗೆ ನೀರು ತುಂಬಿದಳು. ಅಳತೆಯ ಮುಚ್ಚಳದಲ್ಲಿ ಔಷಧಿ ಬಗ್ಗಿಸಿದಳು. ಕೈಗವಸು, ಮೂಗಿಗೆ ಬಟ್ಟೆ. ಅಗಲ ಎಲೆಯದ್ದನ್ನು ಮಾತ್ರ ಕೊಲ್ಲುವ ಔಷಧಿ, ಹುಲ್ಲನ್ನು ಮುಟ್ಟುವುದಿಲ್ಲ. ಟೇಪು ಕಟ್ಟಿದ ಮೇಲೆ ಇಲ್ಲಿ ಯಾರ ಕಾಲು ಬೀಳುತ್ತದೆ? ಬೀಳದ ಮೇಲೆ ಕೊಟ್ಟ ಮಾತಿಗೆ ಏನಾಯಿತು? ಏನೂ ಆಗಲಿಲ್ಲ, ಹಾಗೇ ಇದೆ. ಹೀಗೆ ತನಗೆ ತಾನೇ ವಕೀಲಳಾಗಿ ವಾದಿಸುತ್ತ ಸಂದಿಯಿಂದ ಶುರುಮಾಡಿ ಹಿಂದಕ್ಕೆ ಹಿಂದಕ್ಕೆ ನಡೆಯುತ್ತ ಹೊಡೆದಳು. ಎಲೆಗಳ ಮೇಲೆ ಹನಿ ನಿಂತು ಹೊಳೆಯಿತು. ತೇಪೆಯ ಗುರುತಿನ ಮೇಲೂ ಬಿತ್ತು. ಸಂಜೆ ಮಗಳು ಈ ಕಡೆ ಬರುತ್ತಾಳೆ, ಟೇಪು ನೋಡುತ್ತಾಳೆ, ತಿರುಗುತ್ತಾಳೆ, ಬೇರೆ ದಾರಿಯಿಲ್ಲ, ದೊಡ್ಡ ಗೇಟಿಗೇ ಬರಬೇಕು. ಗೆಳತಿಯರ ಜೊತೆಗೇ ಬರಲಿ. ನಾನೇನು ಕರೆಯುವುದಿಲ್ಲ. ನಿಂತಿರುತ್ತೇನೆ, ಅಷ್ಟೇ. ಮಂಡಿಯೂರಿ ಅಲ್ಲ, ನಿಂತು. ನೋಡಿ ಒಂದು ಸಲ ತಲೆಯಾಡಿಸಿದರೂ ಸಾಕು.

"ಅಂತೂ ಶರಣಾದೆ ಅನ್ನು" ಎಂದ ಹಾಲಿನವನು, ಹಸುಗಳನ್ನು ಬೇಲಿಯಿಂದ ದೂರ ಅಟ್ಟುತ್ತ.

"ಈ ವಾರದ ಹುಲ್ಲು ನಿಂಗಿಲ್ಲಪ್ಪಾ. ಮುಂದಿನ ವಾರದ್ದೂ ಬೇಡ."

"ಹುಲ್ಲು ಹೋಗ್ಲಿ ಬಿಡು. ನಿನ್ನ ಮುಖ ಯಾಕೆ ಹಾಗಿದೆ?"

"ಬಟ್ಟೆ ಕಟ್ಟಿದ್ದೀನಿ, ಮುಖ ಎಲ್ಲಿ ಕಾಣತ್ತೆ ನಿಂಗೆ?"

"ಕಂಡಷ್ಟೇ ಹೇಳ್ದೆ" ಎಂದು ಅವನು ಹೋದ.

ಸಂದಿಗೆ ಅಡ್ಡವಾಗಿ, ಶೆಡ್ಡಿನ ಮೂಲೆಗೆ ಅಡ್ಡವಾಗಿ, ಹಿಂದಿನ ಮೆಟ್ಟಿಲ ಬುಡಕ್ಕೆ ಅಡ್ಡವಾಗಿ ಕೆಂಪು ಬಿಳಿ ಟೇಪು ಕಟ್ಟಿದಳು. ಬೋರ್ಡನ್ನೂ ನೆಟ್ಟಳು. ಕೈ ತೊಳೆದು, ಮುಖ ತೊಳೆದು, ಚೀಲದಲ್ಲಿದ್ದ ಒಗೆದ ಕುಪ್ಪಸ ಬದಲಾಯಿಸಿ, ಸೀರೆಯ ಮಂಡಿಯ ಬಳಿಯ ಮಣ್ಣು ಕೊಡವಿ, ಕೊನೆಯ ಗಂಟೆ ಹೊಡೆಯುವ ಹೊತ್ತಿಗೆ ದೊಡ್ಡ ಗೇಟಿನ ಬಳಿ ನಿಂತಿದ್ದಳು. ಮದುವೆಮನೆಯ ಬಾಗಿಲಲ್ಲಿ ನಿಂತವಳ ಹಾಗಿದ್ದೇನೆ ಅನಿಸಿ ನಾಚಿಕೆಯಾಯಿತು. ಮಕ್ಕಳು ಹೊಳೆಯ ಹಾಗೆ ಬಂದರು, ಎರಡು ಕವಲಾಗಿ ಅವಳನ್ನು ಬಳಸಿಕೊಂಡು ಹೋದರು. "ಮಂಡಿಯಮ್ಮ ಎದ್ದು ನಿಂತಿದಾರೆ ಕಣ್ರೋ!" ಎಂದ ಬೆಳಗಿನ ಹುಡುಗ. ಇನ್ನೊಬ್ಬ, "ಇಷ್ಟು ಎತ್ತರ ಇದ್ದೀರಾ?" ಎಂದ, ನಿಜಕ್ಕೂ ಅಚ್ಚರಿಯಿಂದ. ಅವಳು ನಕ್ಕು ಅವರ ತಲೆಗಳ ಮೇಲಿಂದ ನೋಡುತ್ತಿದ್ದಳು. ಗುಂಪು ತೆಳುವಾಯಿತು. ಒಂಬತ್ತನೆಯವರು ಬಂದರು. ಮಗಳು ಬರಲಿಲ್ಲ.

ಅವಳು ಶೆಡ್ಡಿನತ್ತ ನಡೆದಳು, ಮೊದಲು ಮೆಲ್ಲಗೆ, ಆಮೇಲೆ ಬಿರಬಿರನೆ. ಮೂಲೆ ತಿರುಗಿದಾಗ ಮಗಳು ಮೆಟ್ಟಿಲ ಬುಡದ ಟೇಪಿನ ಬಳಿ ನಿಂತು ಬೋರ್ಡು ಓದುತ್ತಿದ್ದಳು. ಪಕ್ಕದಲ್ಲಿ ಇಬ್ಬರು ಗೆಳತಿಯರು. ಒಬ್ಬಳು ದೊಡ್ಡ ಗೇಟಿನತ್ತ ಕೈ ತೋರಿಸಿ ಏನೋ ಹೇಳಿದಳು. ಮಗಳು ತಲೆ ಅಲ್ಲಾಡಿಸಿದಳು. ಆಮೇಲೆ ಬಗ್ಗಿ, ಒದ್ದೆಯಾಗಿ ಹೊಳೆಯುತ್ತಿದ್ದ ಎಲೆಗಳನ್ನು ನೋಡಿ, ಬಿಳಿ ಬೂಟುಗಳ ಲೇಸು ಬಿಚ್ಚಿ, ಕಾಲ್ಚೀಲ ಎಳೆದು ಬೂಟಿನೊಳಗೆ ತುರುಕಿ, ಎರಡನ್ನೂ ಒಂದು ಕೈಯಲ್ಲಿ ತೂಗಿಕೊಂಡಳು. ಇನ್ನೊಂದು ಕೈಯಿಂದ ಟೇಪು ಎತ್ತಿದಳು. ಕೂಗಬೇಕಿತ್ತು. ಕೂಗಿದರೆ ಆ ಇಬ್ಬರೂ ತಿರುಗುತ್ತಾರೆ, ಮಗಳು ಯಾಕೆ ಸುತ್ತಿ ಹೋಗುತ್ತಾಳೆ ಎಂಬುದು ಬಯಲಾಗುತ್ತದೆ; ಅದನ್ನೇ ಅಲ್ಲವೇ ಬೆಳಗಿನಿಂದ ತಾನು ಬಯಸಿದ್ದು. ಆದರೂ ಕೂಗಲಿಲ್ಲ. ಮಗಳು ಟೇಪಿನಡಿ ನುಸುಳಿ ಬರಿಗಾಲಲ್ಲಿ ಹೆಜ್ಜೆಯಿಟ್ಟಳು, ಎಡಗಾಲಿನ ಹಿಮ್ಮಡಿ ಎಳೆಯುತ್ತ. ಬೇಲಿಯ ಅಂಚು ಹಿಡಿದು, ಒಮ್ಮೆಯೂ ಶೆಡ್ಡಿನ ಮೂಲೆಯತ್ತ ನೋಡದೆ, ರೂಢಿಯಾದ ದಾರಿಯಲ್ಲಿ ನಡೆದುಬಿಟ್ಟಳು. ಮಗಳು ಸಂದಿ ಮುಟ್ಟಿ ಆ ಕಡೆಯ ಟೇಪನ್ನೂ ಎತ್ತಿದಾಗ ಅಮ್ಮ ಕೂಗಿದಳು.

"ಪುಟ್ಟಾ! ಕಾಲು ತೊಳ್ಕೋ! ಸೋಪು ಹಾಕಿ ತೊಳ್ಕೋ!"

ಮೆಟ್ಟಿಲ ಬಳಿ ನಿಂತಿದ್ದ ಇಬ್ಬರೂ ತಿರುಗಿ ಅವಳನ್ನು ನೋಡಿದರು. ಬೇಲಿಯಾಚೆ ಒಂದು ಹಸು ತಲೆಯೆತ್ತಿತು. ಮಗಳು ತಿರುಗಲಿಲ್ಲ, ರಸ್ತೆಗೆ ಇಳಿದು ಬೂಟು ಹಾಕಿಕೊಳ್ಳಲೂ ನಿಲ್ಲದೆ, ಅವನ್ನು ಕೈಯಲ್ಲಿ ಹಿಡಿದುಕೊಂಡೇ ಓಡಿದಳು.

ಮಗಳ ಕಾಲು ಬೀಳುವ ಕಡೆ ಎಂದೂ ವಿಷ ಹೊಡೆಯುವುದಿಲ್ಲ ಎಂದು ಅವಳು ಕೊಟ್ಟಿದ್ದ ಮಾತು ಮುರಿದಿತ್ತು.